ಎತ್ತೊರೆ ಮೇಸ್ತ್ರಿಯ ಬೆಟ್ಟದೂರು

ನನ್ನ ಬಲಗೈಗೆ ಒಂದು ಚಾಳಿ ಇದೆ. ಕಿವಿಗೆ ಫೋನ್ ತಗಲಿತೆಂದರೆ ಅದು ನನ್ನ ಅಪ್ಪಣೆಗೂ ಕಾಯದೆ ಪೆನ್ನು ಹುಡುಕಲು ಹೊರಡುತ್ತದೆ. ಬ್ಯಾಂಕಿನವರು ‘ಸ್ವಲ್ಪ ಕಾಯಿರಿ’ ಎಂದು ಸಂಗೀತ ಹಾಕಿ ಎದ್ದು ಹೋದ ಹೊತ್ತಿನಲ್ಲಿ ಎದುರಿಗಿದ್ದ ಯಾವುದೋ ಕಾಗದದ ಮೇಲೆ ಒಂದು ಓಣಿ ಮೂಡಿರುತ್ತದೆ. ಓಣಿಯೆಂದರೆ ಬರೀ ಮೆಟ್ಟಿಲು. ಮೇಲೆ ಹೋದಂತೆ ಕಿರಿದಾಗುತ್ತ, ಒಂದು ಕಮಾನಿನ ಕೆಳಗೆ ನುಸುಳಿ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ಸ್ವಲ್ಪ ವಾಲಿದ ಬಾಲ್ಕನಿ, ಬಾಲ್ಕನಿಯಲ್ಲಿ ಕಾಮಕಸ್ತೂರಿಯ ಕುಂಡ. ಇಷ್ಟಾಗುವಾಗ ಬ್ಯಾಂಕಿನವರು ವಾಪಸು ಬರುತ್ತಾರೆ. ಯಾಕೆ ಫೋನ್ ಮಾಡಿದ್ದೆನೆಂಬುದು ನನಗೆ ಮರೆತುಹೋಗಿರುತ್ತದೆ.

ಕಳೆದ ತಿಂಗಳು ಇಕಾಮಾ, ಅಂದರೆ ಸೌದಿಯ ವಾಸದ ಪರವಾನಗಿ, ನವೀಕರಣದ ಫಾರಂನ ಬೆನ್ನಿನ ಮೇಲೇ ಈ ಓಣಿ ಹತ್ತಿಬಿಟ್ಟಿತು. ಆಫೀಸಿನ ಈಜಿಪ್ತಿನ ಗುಮಾಸ್ತ ಅದನ್ನು ತಿರುಗಿಸಿ ನೋಡಿ, “ಯಾ ಇಸ್ಮಾಯಿಲ್, ಚಿತ್ರ ಚೆನ್ನಾಗಿದೆ. ಆದರೆ ಸರಕಾರ ಕೇಳಿದ್ದು ನಿನ್ನ ಸಹಿ, ನಿನ್ನ ಊರಲ್ಲ” ಎಂದು ಹಿಂದೆ ಕೊಟ್ಟ.

ಮನೆಯಲ್ಲಿ ಜೊಹರಾ ಆ ಫಾರಂ ನೋಡಿ ಸೊಂಟಕ್ಕೆ ಕೈಕೊಟ್ಟಳು. “ಪುನಃ ಬಂತಾ ನಿಮ್ಮ ಮೆಟ್ಟಿಲು? ಇಪ್ಪತ್ತೆರಡು ವರ್ಷ ಆಯ್ತು ಮಾರಾಯ್ರೆ ನಮ್ಮ ಮದುವೆಯಾಗಿ. ನಮ್ಮ ಪಾಣೆಮಂಗಳೂರನ್ನು ಒಂದು ದಿನವಾದರೂ ಬಿಡಿಸಿದ್ದುಂಟಾ ನೀವು?”

ಅವಳು ಹೇಳಿದ್ದು ನಿಜ. ಗುಮಾಸ್ತ ಹೇಳಿದ್ದೇ ಸುಳ್ಳು. ಆ ಊರು ನನ್ನದಲ್ಲ. ಅಲ್ಲಿಗೆ ನಾನು ಇವತ್ತಿನವರೆಗೆ ಕಾಲಿಟ್ಟಿಲ್ಲ. ಆದರೂ ಅದರ ಕಲ್ಲಿನ ನೀರುತೊಟ್ಟಿ ಬಲಕ್ಕೋ ಎಡಕ್ಕೋ ಎಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನನಗೆ ಅದನ್ನು ಕೊಟ್ಟವರು ಎತ್ತೊರೆ ಮೇಸ್ತ್ರಿ.

ನಾನು ರಿಯಾದಿನ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವವನು. ಇಪ್ಪತ್ತು ವರ್ಷ ಗಾಜಿನ ಕಟ್ಟಡಗಳಿಗೆ ಗೆರೆ ಎಳೆದ ಮೇಲೆ ಇದ್ದಕ್ಕಿದ್ದಂತೆ ನಮ್ಮ ಕಂಪನಿಗೆ ಒಂದು ಹಳೆಯ ಮಣ್ಣಿನ ಕೇರಿಯನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಹುಲ್ಲು ಬೆರೆಸಿ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆಯ ಮನೆಗಳು, ಗೋಡೆಯ ಮೇಲೆ ತ್ರಿಕೋನದ ಕಿಂಡಿಗಳು. ಗೋಡೆಗಳ ಸಲಹೆಗಾರರೆಂದು ಇಟಲಿಯಿಂದ ಒಬ್ಬರು ಬರುತ್ತಾರೆಂದಾಗ ನಾವೆಲ್ಲ ಸೂಟು ಬೂಟಿನ ಪ್ರೊಫೆಸರರನ್ನು ಕಾದೆವು. ಬಂದವರು ಎತ್ತೊರೆ ಎಂಬ, ಅರವತ್ತು ದಾಟಿದ, ಗಿಡ್ಡ, ಅಗಲ ಭುಜದ ಮನುಷ್ಯ. ಉಗುರಿನ ಸಂದಿಯಲ್ಲಿ ಸುಣ್ಣ. ಬಂದವರೇ ಯಾರೊಡನೆಯೂ ಮಾತಾಡದೆ ಒಂದು ಗೋಡೆಯ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ಕಿವಿಗೊಟ್ಟರು. ನಮ್ಮಲ್ಲಿ ಕಲ್ಲಂಗಡಿ ಆರಿಸುವವರು ಹಾಗೆ ಮಾಡುತ್ತಾರೆ.

ನನ್ನ ಬಾಯಿಂದ ತಾನಾಗಿಯೇ ಬಂತು: “ಇವರು ಮೇಸ್ತ್ರಿ!”

ಆ ಮನುಷ್ಯ ಗಕ್ಕನೆ ತಿರುಗಿದರು. “ಏನಂದೆ? ಮಾಸ್ತ್ರೊ ಅಂದೆಯಾ? ನಿನಗೆ ನಮ್ಮ ಭಾಷೆ ಬರುತ್ತಾ?”

ನಮ್ಮೂರಲ್ಲಿ ಗೋಡೆ ಕಟ್ಟುವವರನ್ನು ಹಾಗೆ ಕರೆಯುತ್ತೇವೆ ಎಂದೆ. ಅವರ ಊರಲ್ಲೂ ಹಾಗೆಯೇ ಕರೆಯುತ್ತಾರಂತೆ. ಈ ಶಬ್ದ ಯಾವ ಹಡಗು ಹತ್ತಿ ಎಲ್ಲಿಂದ ಎಲ್ಲಿಗೆ ಬಂತೋ! ಅಂದಿನಿಂದ ನಾನು ಅವರಿಗೆ ‘ಇಸ್ಮಾಯೆಲೆ’ ಆದೆ, ಅವರು ನನಗೆ ಮೇಸ್ತ್ರಿ. ಸೈಟಿನ ಕ್ಯಾಬಿನ್ನಿನಲ್ಲಿ ಮಧ್ಯಾಹ್ನದ ಊಟ ನಮ್ಮಿಬ್ಬರದೂ ಒಂದೇ ಮೇಜಿನಲ್ಲಿ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಬೇರೆ ಬೇರೆ ಕಾಲಿನಲ್ಲಿ ಕುಂಟುತ್ತಿದ್ದುದರಿಂದ ಒಂದಕ್ಕೊಂದು ಆಸರೆಯಾಗಿ ನಡೆಯುತ್ತಿದ್ದವು.

ಊಟದ ಹೊತ್ತಿನಲ್ಲಿ ಅವರು ತಮ್ಮ ಊರನ್ನು ಹೇಳುತ್ತಿದ್ದರು. ರೊಕ್ಕಾವೆಂತೊ ಎಂದು ಅದರ ಹೆಸರು. ಹಾಗೆಂದರೆ ಗಾಳಿಯ ಕೋಟೆ. ನಮ್ಮಲ್ಲಿ ರೊಕ್ಕವೆಂದರೆ ದುಡ್ಡು ಎಂದಾಗ ಅವರು ಹೊಟ್ಟೆ ಹಿಡಿದು ನಕ್ಕರು. “ಹೆಸರಿನಲ್ಲಾದರೂ ಇರಲಿ ಬಿಡು, ಊರಿನಲ್ಲಿ ಗಾಳಿ ಮಾತ್ರ ಇರುವುದು.”

ದಕ್ಷಿಣ ಇಟಲಿಯ ಒಂದು ಬೆಟ್ಟದ ನೆತ್ತಿಯಲ್ಲಿ ಅಂಟಿಕೊಂಡ ಊರು. ದೂರದಲ್ಲಿ ಒಂದು ಗೆರೆಯಷ್ಟು ಸಮುದ್ರ. ಗಾಡಿ ಹೋಗುವ ರಸ್ತೆ ಊರ ಬಾಗಿಲಲ್ಲೇ ಮುಗಿಯುತ್ತದೆ, ಆಮೇಲೆ ಎಲ್ಲ ಮೆಟ್ಟಿಲು. ಮದುಮಗಳೂ ಹೆಣವೂ ಎಣ್ಣೆಯ ಪೀಪಾಯಿಯೂ ಅದೇ ಮೆಟ್ಟಿಲಿನಲ್ಲಿ ಹತ್ತಬೇಕು, ಇಳಿಯಬೇಕು. ಊರಿಗೆ ಮೊದಲ ಫ್ರಿಜ್ ಬಂದ ದಿನ ಎಂಟು ಗಂಡಸರು ಅದನ್ನು ಹೆಗಲ ಮೇಲೆ ಹೊತ್ತು ಹತ್ತಿದರಂತೆ. ಊರ ಬ್ಯಾಂಡಿನವರು ಮುಂದೆ ಬಾರಿಸುತ್ತ ನಡೆದರಂತೆ. ಅರ್ಧ ದಾರಿಯಲ್ಲಿ ಸುಸ್ತಾಗಿ ಫ್ರಿಜ್ಜನ್ನು ತೊಟ್ಟಿಯ ಪಕ್ಕ ಇಳಿಸಿದಾಗ ಒಬ್ಬಳು ಮುದುಕಿ ಬಂದು ಅದಕ್ಕೆ ಕೈಮುಗಿದಳಂತೆ, ಯಾರೋ ಸಂತರನ್ನು ತಂದಿದ್ದಾರೆಂದು. ಆಗಸ್ಟ್ ತಿಂಗಳಲ್ಲಿ ಮಂಜುಗಡ್ಡೆ ನೋಡಲು ಇಡೀ ಊರು ಸಾಲು ನಿಂತಿತ್ತಂತೆ.

ಅಂಥ ಎತ್ತರದಲ್ಲಿ ಊರು ಕಟ್ಟಿದ್ದಾದರೂ ಯಾಕೆ ಎಂದು ನಾನೊಮ್ಮೆ ಕೇಳಿದೆ. ಮೇಸ್ತ್ರಿ ಸ್ವಲ್ಪ ಮುಜುಗರಪಟ್ಟರು. ಬ್ರೆಡ್ಡಿನ ಚೂರನ್ನು ತಟ್ಟೆಯಲ್ಲಿ ಆಚೀಚೆ ದೂಡಿ, “ನಿಮ್ಮವರಿಗೆ ಹೆದರಿ” ಎಂದರು.

“ನಮ್ಮವರಿಗೆ?”

“ಸರಾಚೇನಿಗಳಿಗೆ. ಸಮುದ್ರದಿಂದ ಬರುತ್ತಿದ್ದ ಮುಸ್ಲಿಮರಿಗೆ. ಸಾವಿರ ವರ್ಷದ ಹಿಂದಿನ ಕಥೆ. ಹಾಯಿ ಕಂಡರೆ ಕೂಡಲೇ ಗೋಪುರದ ಗಂಟೆ ಹೊಡೆಯುತ್ತಿದ್ದರು. ಎಲ್ಲರೂ ಕುರಿ, ಮಕ್ಕಳು, ಚೀಸು ಎತ್ತಿಕೊಂಡು ಒಳಗೆ.”

ನನ್ನಜ್ಜ ನೇತ್ರಾವತಿಯಲ್ಲಿ ಮರಳು ಸಾಗಿಸುವ ಹೊಯ್ಗೆ ದೋಣಿ ನಡೆಸಿದವರು, ಅವರು ಇಟಲಿಯವರೆಗೆ ಹೋಗಿರಲಿಕ್ಕಿಲ್ಲ ಎಂದೆ. ಮಂಗಳೂರಿಗೆ ಹೋಗಬೇಕಾದರೂ ಅಜ್ಜಿಯ ಒಪ್ಪಿಗೆ ಬೇಕಿತ್ತು ಅವರಿಗೆ. ನಮ್ಮೂರಿನವರೂ ಗುಡ್ಡೆ ಹತ್ತಿದವರೇ. ನೀರಿಗೆ ಹೆದರಿ. ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿ ಅಂಗಳಕ್ಕೆ ಬಂದಾಗ ಉಮ್ಮ ಅಕ್ಕಿ ಡಬ್ಬಿಯನ್ನೂ ನನ್ನನ್ನೂ ಎರಡು ಕಂಕುಳಲ್ಲಿ ಇರುಕಿಕೊಂಡು ಹತ್ತುತ್ತಿದ್ದ ನೆನಪು ನನಗೆ ಈಗಲೂ ಇದೆ. ಅಕ್ಕಿ ಡಬ್ಬಿಯನ್ನು ಹೆಚ್ಚು ಗಟ್ಟಿಯಾಗಿ ಹಿಡಿದಿದ್ದರೆಂದು ನನಗೆ ಬಹಳ ವರ್ಷ ಸಿಟ್ಟಿತ್ತು.

ಹೀಗೆ ಅವರು ಹೇಳುತ್ತ ಹೋದಂತೆ ನನ್ನ ಕೈ ಸುಮ್ಮನಿರಲಾರದೆ ಬಿಡಿಸತೊಡಗಿತು. ಮೊದಲು ಒಂದು ಓಣಿ, ಆಮೇಲೆ ಚೌಕ, ಚೌಕದ ಸುತ್ತಿನ ಮನೆಗಳು. ಮೇಸ್ತ್ರಿಗೆ ಅದು ಹಿಡಿಸಿತು. “ಅಲ್ಲ, ಅಲ್ಲ, ಆ ಮೆಟ್ಟಿಲು ಇನ್ನೂ ಸವೆದಿರಬೇಕು” ಎಂದು ನನ್ನ ಪೆನ್ಸಿಲನ್ನೇ ಕಿತ್ತುಕೊಂಡು ತಿದ್ದುತ್ತಿದ್ದರು. ಒಂದು ವರ್ಷದಲ್ಲಿ ದೊಡ್ಡ ಹಾಳೆಯಲ್ಲಿ ಇಡೀ ಊರು ಸಿದ್ಧವಾಯಿತು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಗಂಟೆಗೋಪುರ. ಗೋಡೆಯ ದಪ್ಪವೆಷ್ಟು, ಮೆಟ್ಟಿಲೆಷ್ಟು, ಮೂಲೆಗಲ್ಲು ಹೇಗೆ, ಗಂಟೆ ತೂಗುವ ತೊಲೆ ಯಾವ ಮರದ್ದು, ಎಲ್ಲವನ್ನೂ ಕಣ್ಣುಮುಚ್ಚಿ ಹೇಳಿದರು. ಹೇಳುವಾಗ ಅವರ ಅಂಗೈ ಗಾಳಿಯಲ್ಲಿ ಯಾವುದೋ ಗೋಡೆಯನ್ನು ಸವರುತ್ತಿತ್ತು.

ಆ ಗಂಟೆ ಹೊಡೆಯುವವರು ಅವರ ಅಕ್ಕ ಅಸ್ಸುಂತಾ. ಹದಿನಾಲ್ಕು ವರ್ಷ ದೊಡ್ಡವರು. ತಾಯಿ ತೀರಿಕೊಂಡ ಮೇಲೆ ಮೇಸ್ತ್ರಿಯನ್ನು ಸಾಕಿದವರು. ಮದುವೆಯಾಗಲಿಲ್ಲ. ಅಪ್ಪನ ಕೈಯಿಂದ ಬಂದ ಹಗ್ಗವನ್ನು ಬಿಡಲಿಲ್ಲ. ದಿನವೂ ನಡುಮಧ್ಯಾಹ್ನ ಹನ್ನೆರಡು. ಸತ್ತವರು ಗಂಡಸಾದರೆ ಒಂದು ಲಯ, ಹೆಂಗಸಾದರೆ ಇನ್ನೊಂದು. ಮಂಜು ಬಿದ್ದ ದಿನ ಬೇರೆಯೇ ಒಂದು. ಕೆಲವು ಬೆಳಿಗ್ಗೆ ಕಣಿವೆಯ ತುಂಬ ಹಾಲು ಸುರಿದಂತೆ ಮಂಜು ತುಂಬಿ, ಊರು ಅದರ ಮೇಲೆ ತೇಲುತ್ತಿರುತ್ತದಂತೆ. ಕೆಳಗಿನ ಹುಲ್ಲುಗಾವಲಿನಲ್ಲಿ ಕುರುಬರಿಗೆ ತಮ್ಮ ಕೋಲಿನ ತುದಿಯೇ ಕಾಣುವುದಿಲ್ಲ. ಆಗ ಅಸ್ಸುಂತಾ ಬಿಟ್ಟು ಬಿಟ್ಟು ಹೊಡೆಯುತ್ತಾರೆ. ಕುರಿಗಳು ಮೊದಲು ಕಿವಿ ಎತ್ತುತ್ತವೆ, ಕುರುಬರು ಕುರಿಗಳ ಹಿಂದೆ ಬರುತ್ತಾರೆ.

ನಮ್ಮಲ್ಲಿ ಗಂಟೆ ಇರಲಿಲ್ಲ, ನದಿಯಾಚೆಯ ಹಂಚಿನ ಕಾರ್ಖಾನೆಯ ಸೈರನ್ ಇತ್ತು. ಅದು ಕೂಗಿದಾಗ ಉಮ್ಮ ಅಕ್ಕಿ ಹಾಕುತ್ತಿದ್ದರು, ಇನ್ನೊಮ್ಮೆ ಕೂಗುವಾಗ ಅಲ್ಲಿ ದುಡಿಯುತ್ತಿದ್ದ ನನ್ನ ಬಾಪ ಬಾಗಿಲಲ್ಲಿ, ಮೈಯೆಲ್ಲ ಕೆಂಪು ಧೂಳು. ಮಂಗಳೂರು ಹಂಚಿನ ಮಗ ನಾನು. ಗಾಜಿನ ಕಟ್ಟಡಗಳನ್ನು ಗೆರೆಯಾಗಿ ಎಳೆಯುವಾಗಲೂ ಮನಸ್ಸು ಒಂದು ಹಂಚಿನ ಮಾಡನ್ನು ಹುಡುಕುತ್ತದೆ.

ಒಂದು ಮಧ್ಯಾಹ್ನ ಸೈಟಿನ ಮೇಲೆ ಧೂಳುಗಾಳಿ ಬಂತು. ರಿಯಾದಿನ ಧೂಳುಗಾಳಿ ಹೇಳಿಕೇಳಿ ಬರುವುದಿಲ್ಲ. ದಕ್ಷಿಣದಲ್ಲಿ ಒಂದು ಕಂದು ಗೋಡೆ ಎದ್ದಿತು, ನೋಡನೋಡುತ್ತ ನಾವು ಅದರ ಒಳಗೆ. ನಾನೂ ಮೇಸ್ತ್ರಿಯೂ ಕೇರಿಯ ನಡುವೆ ಸಿಕ್ಕಿಬಿದ್ದೆವು. ಕ್ಯಾಬಿನ್ ಯಾವ ದಿಕ್ಕಿಗೆಂದು ಗೊತ್ತಾಗಲಿಲ್ಲ. ಬಾಯಿಗೆ ಬಟ್ಟೆ ಹಿಡಿದು ಒಂದು ಗೋಡೆಗೆ ಒರಗಿ ನಿಂತಾಗ ಅವರು ನನ್ನ ಕಿವಿಗೆ ಬಾಯಿಟ್ಟು, “ಈಗ ನಮ್ಮೂರಾಗಿದ್ದರೆ ಅಸ್ಸುಂತಾ ಹೊಡೆಯುತ್ತಿದ್ದಳು” ಎಂದರು. ಸ್ವಲ್ಪ ಹೊತ್ತಿಗೆ ಇಳಿಹೊತ್ತಿನ ನಮಾಜಿನ ಕರೆ, ಅಸರಿನ ಬಾಂಗು, ಕೇಳಿತು. ಮಸೀದಿ ನಮ್ಮ ಕ್ಯಾಬಿನ್ನಿನ ಬೆನ್ನಿಗೇ ಇತ್ತು. ನಾವಿಬ್ಬರೂ ಕೈಹಿಡಿದುಕೊಂಡು, ಗೋಡೆ ತಡವುತ್ತ, ಆ ಧ್ವನಿಯ ಕಡೆಗೆ ನಡೆದು ಮುಟ್ಟಿದೆವು. ಮುಖವೆಲ್ಲ ಹಿಟ್ಟು ಬಳಿದಂತಾಗಿದ್ದ ಮೇಸ್ತ್ರಿ ಕಿಟಕಿಯ ಬಳಿ ಹೋಗಿ ಬಾಂಗು ಬಂದ ಕಡೆಗೆ ನೋಡಿದರು.

ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಒಂದೇ ಸಲ. ಹೊಸ ಸೂಪರ್‌ವೈಸರ್ ಒಬ್ಬ ಬಿರುಕು ಬಿಟ್ಟ ಮಣ್ಣಿನ ಗೋಡೆಗೆ ಮೆತ್ತಲು ಸಿಮೆಂಟಿನ ಚೀಲ ತರಿಸಿದ್ದ. ಬೇಗ ಮುಗಿಯಲಿ ಎಂದು. ಮೇಸ್ತ್ರಿ ಆ ಚೀಲವನ್ನು ಒದ್ದು, ಹೊತ್ತು, ಹೊರಗೆ ಬೀದಿಗೆ ಎಸೆದರು. ಒಂದು ಚೀಲ ಸಿಮೆಂಟಿಗೆ ಇಷ್ಟೊಂದು ಸಿಟ್ಟೇ ಎಂದು ನಮಗೆ ಆಶ್ಚರ್ಯವಾಗಿತ್ತು.

ಒಂದು ಶುಕ್ರವಾರ ಅವರನ್ನು ಮಲಾಜ್ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಕರೆದೆ. ಜೊಹರಾ ಕೋಳಿಸಾರು, ಅಕ್ಕಿರೊಟ್ಟಿ ಮಾಡಿದ್ದಳು. ಮೇಸ್ತ್ರಿ ಐದು ರೊಟ್ಟಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ. ಅವರ ಫೋನು ಗುಂಡಿ ಒತ್ತುವ ಹಳೆಯ ಕಾಲದ್ದು. ಒಂಬತ್ತು ವರ್ಷದಿಂದ ಅಕ್ಕನ ಮುಖ ನೋಡಿಲ್ಲ, ಭಾನುವಾರ ಧ್ವನಿ ಮಾತ್ರ ಎಂದು ತಿಳಿದಾಗ ಜೊಹರಾ ಎದೆಗೆ ಕೈಯಿಟ್ಟುಕೊಂಡಳು.

“ಎಂತ ಮಾರಾಯ್ರೆ ಇದು! ನಂಬರ್ ಕೊಡಲಿಕ್ಕೆ ಹೇಳಿ. ನಾನು ವಿಡಿಯೋ ಮಾಡ್ತೇನೆ.”

ಬೇಡ ಬೇಡವೆನ್ನುತ್ತಲೇ ಮೇಸ್ತ್ರಿ ಅಕ್ಕನ ಪಕ್ಕದ ಮನೆಯವರ ನಂಬರು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಪರದೆಯ ತುಂಬ ಒಂದು ಮೂಗು, ಆಮೇಲೆ ಮುಖ. ಬಿಳಿ ಕೂದಲನ್ನು ಬಿಗಿದು ಕಟ್ಟಿದ, ಎಪ್ಪತ್ತೇಳರ ಅಸ್ಸುಂತಾ. ಅವರು ತಮ್ಮನನ್ನು ಒಂದು ಕ್ಷಣ ನೋಡಿ ಏನೋ ಬೈದರು. ದಪ್ಪಗಾಗಿದ್ದೀಯ ಎಂದಂತೆ. ನನ್ನನ್ನು ಪರಿಚಯಿಸಿದಾಗ, “ಓ, ಇವನೋ ಸರಾಚೇನೊ! ನನ್ನ ತಮ್ಮನನ್ನು ಯಾವಾಗ ಬಿಡುತ್ತೀಯ?” ಎಂದು ಕೇಳಿದ್ದನ್ನು ಮೇಸ್ತ್ರಿ ನಗುತ್ತ ಹೇಳಿದರು. ನಾನು ಕೈಜೋಡಿಸಿ, ನಾನು ಬರೀ ನಕ್ಷೆ ಬರೆಯುವವನು, ಕೈದಿಗಳ ಲೆಕ್ಕ ನನ್ನ ಹತ್ತಿರ ಇಲ್ಲ ಎಂದೆ.

ಜೊಹರಾ ಊರು ತೋರಿಸಲು ಸನ್ನೆ ಮಾಡಿದಳು. ಅಸ್ಸುಂತಾ ಫೋನು ಹಿಡಿದು ಬಾಲ್ಕನಿಗೆ ಬಂದರು. ನಾನು ನನ್ನ ನಕ್ಷೆಯ ಹಾಳೆಯನ್ನು ತಂದು ತೊಡೆಯ ಮೇಲೆ ಹರಡಿಕೊಂಡೆ. ಅಗೋ ಕಮಾನು! ಅಗೋ ತೊಟ್ಟಿ! ಅಗೋ ಸವೆದ ಮೆಟ್ಟಿಲು! ಕನಸಿನಲ್ಲಿ ಕಂಡದ್ದನ್ನು ಯಾರೋ ಹಗಲಲ್ಲಿ ಕಟ್ಟಿ ತೋರಿಸಿದ ಹಾಗೆ ಒಂದೊಂದೇ ಬಂತು. ನಾನು ಮಗುವಿನ ಹಾಗೆ ಬೆರಳಿಟ್ಟು ಎಣಿಸುತ್ತಿದ್ದೆ. ಚರ್ಚು ಬಂತು. ಚರ್ಚಿನ ಎಡಕ್ಕೆ ಗೋಪುರ ಬರಬೇಕು. ಬರಲಿಲ್ಲ. ಅಲ್ಲಿ ಆಕಾಶ ಇತ್ತು. ಕೆಳಗೆ ತಗಡಿನ ಬೇಲಿ, ಬೇಲಿಯ ಒಳಗೆ ಒಂದಾಳೆತ್ತರದ ಮುರಿದ ಗೋಡೆ.

“ಮೇಸ್ತ್ರಿ, ಗೋಪುರ ಎಲ್ಲಿ?” ಎಂದೆ. ಕೇಳಿದ ಮೇಲೆ ಕೇಳಬಾರದಿತ್ತೆಂದು ಗೊತ್ತಾಯಿತು.

ಅವರು ಕೈ ಒರೆಸಿಕೊಂಡು ಎದ್ದರು. ಜೊಹರಾಳಿಗೆ ಬಗ್ಗಿ ವಂದಿಸಿ, ಊಟ ಬಹಳ ಚೆನ್ನಾಗಿತ್ತು ಎಂದರು. ಚಪ್ಪಲಿಯ ಪಟ್ಟಿಯನ್ನೂ ಹಾಕದೆ ಮೆಟ್ಟಿಲಿಳಿದು ಹೋದರು.

ಭಾನುವಾರ ಸೈಟಿನಲ್ಲಿ ಅವರೇ ಬಂದು ನನ್ನ ಎದುರು ಕುಳಿತರು. ಊಟದ ಡಬ್ಬಿ ತೆರೆಯಲಿಲ್ಲ.

“ಆ ಗೋಪುರವನ್ನು ಕೊನೆಯ ಸಲ ರಿಪೇರಿ ಮಾಡಿದ್ದು ನಾನು” ಎಂದರು. “ಮೇಲಿನ ಭಾಗ ಸಡಿಲವಾಗಿತ್ತು. ನನ್ನಪ್ಪ ಇದ್ದಿದ್ದರೆ ಸುಣ್ಣದ ಗಾರೆಯಲ್ಲಿ ಮಾಡುತ್ತಿದ್ದ. ಸುಣ್ಣ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಚಳಿಗಾಲ ಬರುತ್ತಿತ್ತು, ಊರಿನವರಿಗೆ ಹಬ್ಬಕ್ಕೆ ಗಂಟೆ ಬೇಕಿತ್ತು, ನನಗೂ ಇನ್ನೊಂದು ಕೆಲಸ ಕಾದಿತ್ತು. ಸಿಮೆಂಟು ಹಾಕಿದೆ. ನೋಡಲು ಬಹಳ ಚೆನ್ನಾಗಿತ್ತು, ಇಸ್ಮಾಯೆಲೆ. ಎಲ್ಲರೂ ಹೊಗಳಿದರು.”

ಎರಡು ವರ್ಷ ಕಳೆದ ಮೇಲೆ ಒಂದು ದಿನ ನೆಲ ನಡುಗಿತು. ದೊಡ್ಡ ಭೂಕಂಪವೇನಲ್ಲ; ಕಪಾಟಿನ ತಟ್ಟೆಗಳು ಗಲಗಲವೆಂದವು ಅಷ್ಟೆ. ಹಳೆಯ ಗೋಡೆಗಳು ಸ್ವಲ್ಪ ತೂಗಿ ನಿಂತವು. ಗೋಪುರದ ಸಿಮೆಂಟಿನ ಭಾಗ ಮಾತ್ರ ತೂಗಲಾರದೆ, ಒಂದೇ ತುಂಡಾಗಿ ಕಳಚಿ, ಗಂಟೆಯ ಸಮೇತ ಒಳಗೇ ಕುಸಿಯಿತು.

“ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ದಿನಾ ಆ ಹೊತ್ತಿಗೆ ಅಸ್ಸುಂತಾ ಗೋಪುರದ ಮೆಟ್ಟಿಲಲ್ಲಿ ಇರುತ್ತಿದ್ದಳು. ಅವತ್ತು ಒಲೆಯಲ್ಲಿ ಹಾಲು ಉಕ್ಕಿತ್ತಂತೆ. ಅದನ್ನು ಒರೆಸಲು ನಿಂತಿದ್ದಳು. ಹಾಲು ಉಕ್ಕದಿದ್ದರೆ ನಾನು ನನ್ನ ಅಕ್ಕನನ್ನು ಕೊಂದಿರುತ್ತಿದ್ದೆ.”

ಯಾರೂ ಅವರನ್ನು ದೂರಲಿಲ್ಲವಂತೆ. ಅಕ್ಕ ಒಂದು ಮಾತೂ ಆಡಲಿಲ್ಲವಂತೆ. ಆ ಮೌನವನ್ನೇ ಹೊರಲಾರದೆ ಅವರು ಮೊದಲು ಸಿಕ್ಕ ಕೆಲಸ ಹಿಡಿದು ಊರು ಬಿಟ್ಟರು. ಒಂಬತ್ತು ವರ್ಷ ಬೇರೆಯವರ ಗೋಡೆಗಳನ್ನು ತಟ್ಟಿ ತಟ್ಟಿ ಕಿವಿಗೊಟ್ಟರು. ಭಾನುವಾರದ ಫೋನಿನಲ್ಲಿ ಅಕ್ಕ-ತಮ್ಮ ಇಬ್ಬರೂ ಹವಾಮಾನ ಮಾತ್ರ ಮಾತಾಡಿದರು.

ಹಾಲು ಉಕ್ಕಿತಲ್ಲ, ಅಲ್‌ಹಮ್ದುಲಿಲ್ಲಾ ಎಂದೆ. ಅವರು ತಲೆಯಾಡಿಸಿದರು.

ಇತ್ತ ನನಗೆ ತಿಳಿಯದಂತೆ ನನ್ನ ಮನೆಯಲ್ಲೇ ಇನ್ನೊಂದು ನಡೆಯುತ್ತಿತ್ತು. ಜೊಹರಾಳೂ ಅಸ್ಸುಂತಾರೂ ಗೆಳತಿಯರಾಗಿದ್ದರು. ಇವಳು ಕನ್ನಡದಲ್ಲಿ ಬರೆದದ್ದನ್ನು ಫೋನು ಇಟಾಲಿಯನ್ ಮಾಡುತ್ತಿತ್ತು. ಅಲ್ಲಿಂದ ಪಕ್ಕದ ಮನೆಯವರು ಕಳಿಸಿದ್ದು ಇಲ್ಲಿ ಕನ್ನಡವಾಗುತ್ತಿತ್ತು. ಒಂದು ದಿನ ತೋರಿಸಿದಳು: ‘ನಿಮ್ಮ ಒಲೆಗೆ ಆಶೀರ್ವಾದ. ನನ್ನ ಸಹೋದರ ಕತ್ತೆ. ಅವನಿಗೆ ಈರುಳ್ಳಿ ಕಡಿಮೆ.’

“ಅಸ್ಸುಂತಕ್ಕ ಎಷ್ಟು ಚಂದ ಮಾತಾಡ್ತಾರೆ ನೋಡಿ” ಎಂದಳು.

“ಅವರು ನಿನಗೂ ಅಕ್ಕನಾ?”

“ಮೇಸ್ತ್ರಿಗಳ ಅಕ್ಕ ಅಂದ ಮೇಲೆ ನಮಗೆಂತ, ಅತ್ತೆಯಾ?”

ಆಮೇಲೆ ಒಂದು ಸಂಜೆ ಅವಳು ನನ್ನ ಪಕ್ಕ ಬಂದು ಕುಳಿತು ಧ್ವನಿ ತಗ್ಗಿಸಿದಳು. ರೊಕ್ಕಾವೆಂತೊದ ಗೋಪುರವನ್ನು ಮತ್ತೆ ಕಟ್ಟಲು ಕೊನೆಗೂ ಒಪ್ಪಿಗೆ ಸಿಕ್ಕಿದೆಯಂತೆ. ಆದರೆ ಅದರ ಅಳತೆ ಯಾರ ಹತ್ತಿರವೂ ಇಲ್ಲ, ಹಳೆಯ ನಕ್ಷೆಯೇ ಇಲ್ಲ. ಪೇಟೆಯ ಕಂಟ್ರಾಕ್ಟರ್ ಒಬ್ಬ ಕಾಂಕ್ರೀಟಿನ ಗೋಪುರ ನಿಲ್ಲಿಸುತ್ತೇನೆ ಅನ್ನುತ್ತಿದ್ದಾನೆ. ಅದರ ಮೆಟ್ಟಿಲು ತಾನು ತುಳಿಯುವುದಿಲ್ಲವೆಂದು ಅಸ್ಸುಂತಾ ಪಂಚಾಯತಿಯಲ್ಲಿ ಕೂಗಾಡಿದ್ದಾರೆ.

“ತಮ್ಮನ ಹತ್ತಿರ ಕೇಳಿದರೆ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿಯಾರು ಅಂತ ಅಸ್ಸುಂತಕ್ಕನಿಗೆ ಹೆದರಿಕೆ. ನಿಮ್ಮ ಹತ್ತಿರ ಉಂಟಲ್ಲ, ಆ ದೊಡ್ಡ ನಕ್ಷೆ?”

“ಅವರು ನಂಬಿ ಹೇಳಿದ್ದು ಜೊಹರಾ. ಕೇಳದೆ ಕಳಿಸಿದರೆ ಕಳ್ಳತನ ಆಗ್ತದೆ.”

“ಕೇಳಿದರೆ ಕೊಡ್ತಾರಾ?”

“ಇಲ್ಲ.”

“ಮತ್ತೆ?”

ಎರಡು ದಿನ ನಾನು ಯೋಚಿಸಿದೆ. ಯೋಚಿಸಿದೆ ಅಂದರೆ, ಹಾಳೆಯನ್ನು ಬಿಡಿಸಿ ಮತ್ತೆ ಸುತ್ತಿಟ್ಟೆ. ಮೂರನೆಯ ದಿನ ಗೋಪುರದ ಭಾಗದ ಫೋಟೋ ತೆಗೆದು ನಾನೇ ಜೊಹರಾಳ ಫೋನಿಗೆ ಕಳಿಸಿದೆ. ಧೈರ್ಯಸ್ಥನೆಂದು ಹೇಳಿಕೊಳ್ಳುವ ಆಸೆಯೇನೋ ಇದೆ, ಆದರೆ ಕಳಿಸಿದ ಕೂಡಲೇ ಫೋನು ಮಗುಚಿಟ್ಟು ಸ್ನಾನಕ್ಕೆ ಹೋಗಿಬಿಟ್ಟವನು ನಾನು.

ಮರುದಿನವೇ ತಪ್ಪೊಪ್ಪಿಕೊಂಡೆ. ಮೇಸ್ತ್ರಿ, “ಸರಿ, ಮಿಸ್ಟರ್ ಇಸ್ಮಾಯಿಲ್” ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಆ ‘ಮಿಸ್ಟರ್’ ಎರಡು ವಾರ ನಡೆಯಿತು. ಊಟವನ್ನು ಅವರು ಸೈಟಿನ ಇನ್ನೊಂದು ತುದಿಯಲ್ಲಿ, ಯೆಮನಿನ ಕೆಲಸಗಾರರ ಜೊತೆ ಮಾಡತೊಡಗಿದರು. ನಾನು ಕ್ಯಾಬಿನ್ನಿನಲ್ಲಿ ಒಬ್ಬನೇ ಕುಳಿತು, ಐವತ್ತು ವರ್ಷದ ಗಂಡಸು ಗೆಳೆಯ ಮಾತು ಬಿಟ್ಟನೆಂದು ಅನ್ನ ಸೇರದೆ ಕೂರುವುದು ನಾಚಿಕೆಯ ವಿಷಯವೆಂದು ನನಗೆ ನಾನೇ ಹೇಳಿಕೊಂಡೆ. ಅನ್ನವೇನೂ ಸೇರಲಿಲ್ಲ.

ಆಗ ಜೊಹರಾಳ ಮೂಲಕ ಅಸ್ಸುಂತಾರ ಉತ್ತರ ಬಂತು. ನನ್ನ ನಕ್ಷೆಯ ಮೇಲೆಯೇ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಕಾಟು. ಕೆಳಗೆ ಬರೆದದ್ದನ್ನು ಫೋನು ಕನ್ನಡಿಸಿತ್ತು: ‘ಸರಾಚೇನೊಗೆ ಹೇಳಿ, ಕಿಟಕಿ ಪೂರ್ವಕ್ಕೆ. ಉತ್ತರಕ್ಕೆ ಅಲ್ಲ. ನಾನು ಅರವತ್ತು ವರ್ಷ ಅಲ್ಲಿ ಸೂರ್ಯನನ್ನು ನೋಡಿದ್ದೇನೆ. ನನ್ನ ಸಹೋದರ ಕುರುಡ.’

ನಾನು ಫೋನನ್ನು ಹಿಡಿದುಕೊಂಡು ಸೈಟಿನ ಆ ತುದಿಗೆ ಹೋದೆ. “ಮೇಸ್ತ್ರಿ, ಒಂದು ತಾಂತ್ರಿಕ ವಿಷಯ. ಕಿಟಕಿ ತಪ್ಪಾಗಿದೆಯಂತೆ. ಪೂರ್ವಕ್ಕಂತೆ.”

ಅವರು ಫೋನು ಕಸಿದುಕೊಂಡು ನೋಡಿದರು. ಕುತ್ತಿಗೆಯಿಂದ ಕೆಂಪು ಮೇಲೇರಿತು.

“ಪೂರ್ವಕ್ಕಾ? ಯಾರು ಹೇಳಿದ್ದು? ಆ ಕಿಟಕಿಯ ಚೌಕಟ್ಟನ್ನು ಈ ಕೈಯಲ್ಲಿ ಕೂರಿಸಿದ್ದೇನೆ! ಪೂರ್ವಕ್ಕಂತೆ! ಕರೆ ಮಾಡು. ಈಗಲೇ ಕರೆ ಮಾಡು!”

ಮಾಡಿದೆ. ಆಮೇಲೆ ನಡೆದದ್ದು ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಎಲ್ಲವೂ ಅರ್ಥವಾಯಿತು. ಇಬ್ಬರೂ ಒಟ್ಟಿಗೆ ಕೂಗುತ್ತಿದ್ದರು. ಮೇಸ್ತ್ರಿ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಗಾಳಿಯಲ್ಲಿ ಗೋಪುರ ಕಟ್ಟುತ್ತ, ಮಣ್ಣಿನ ಕೇರಿಯ ಉದ್ದಕ್ಕೂ ಹೋದರು, ಬಂದರು. ಯೆಮನಿನವರು ಕರಣೆ ಕೆಳಗಿಟ್ಟು ನೋಡಿದರು. ನಲವತ್ತು ನಿಮಿಷವಾದರೂ ಆಗಿರಬೇಕು. ನಡುವೆ ಒಮ್ಮೆ ಮೇಸ್ತ್ರಿಯ ಧ್ವನಿ ತಟ್ಟನೆ ಇಳಿಯಿತು. ಸಿಮೆಂಟ್ ಎಂಬ ಶಬ್ದವೊಂದು ನನ್ನ ಕಿವಿಗೆ ಬಿತ್ತು. ಅವರು ಗೋಡೆಯ ಕಡೆಗೆ ಮುಖ ಮಾಡಿ ನಿಂತರು. ಆಚೆಯಿಂದ ಅಸ್ಸುಂತಾ ತುಂಬ ಹೊತ್ತು, ಮೆಲ್ಲಗೆ, ಒಬ್ಬರೇ ಮಾತಾಡಿದರು.

ಫೋನು ನನ್ನ ಕೈಗಿಡುವಾಗ ಅದು ಒದ್ದೆಯಾಗಿತ್ತು.

“ಏನಂದರು?” ಎಂದೆ.

“ಹಾಲಿನ ಪಾತ್ರೆಯನ್ನು ಇವತ್ತಿಗೂ ಪೂರ್ತಿ ಉಜ್ಜಲು ಆಗಿಲ್ಲವಂತೆ. ಬಂದು ಉಜ್ಜಿಕೊಡು ಅಂದಳು.” ಮೂಗು ಒರೆಸಿಕೊಂಡು ಸೇರಿಸಿದರು: “ಕಿಟಕಿ ಉತ್ತರಕ್ಕೇ, ಇಸ್ಮಾಯೆಲೆ.”

ಒಂದೂವರೆ ತಿಂಗಳಲ್ಲಿ ಊರಿಗೆ ಮರಳುವ ಅವರ ಕಾಗದಪತ್ರ ಮುಗಿಯಿತು. ವಿಮಾನ ನಿಲ್ದಾಣಕ್ಕೆ ನಾನೂ ಜೊಹರಾಳೂ ಹೋಗಿದ್ದೆವು. ಅವಳು ಮೆಣಸಿನ ಹುಡಿಯ ಪೊಟ್ಟಣವನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಳು. ಮೇಸ್ತ್ರಿ ನಕ್ಷೆಯ ಹಾಳೆಯನ್ನು ಕೇಳಿ ತೆಗೆದುಕೊಂಡರು. ಹೀಗೆ ನನ್ನ ಹತ್ತಿರ ಉಳಿದದ್ದು ಈ ಕೈಯ ಚಾಳಿ ಮಾತ್ರ.

ಗೋಪುರದ ಕೆಲಸ ಎರಡು ವರ್ಷ ಹಿಡಿಯಿತು. ಸುಣ್ಣವಲ್ಲವೇ, ಅದು ತನ್ನ ಸಮಯ ತೆಗೆದುಕೊಂಡೇ ಗಟ್ಟಿಯಾಗುವುದು. ಈ ಸಲ ಯಾರೂ ಅವಸರ ಮಾಡಲಿಲ್ಲವಂತೆ; ಅವಸರ ಮಾಡಲು ಊರಲ್ಲಿ ಅಷ್ಟು ಜನವೂ ಉಳಿದಿರಲಿಲ್ಲ. ಅಡಿಪಾಯ ಬಗೆಯುವಾಗ ಕಿಟಕಿಯ ಹಳೆಯ ಚೌಕಟ್ಟು ಸಿಕ್ಕಿ, ಅದು ಉತ್ತರದ ಗೋಡೆಯದೇ ಎಂದು ರುಜುವಾಯಿತು. ಬಿದ್ದಾಗ ತಿರುಗಿ ಬಿದ್ದಿರಬೇಕೆಂದು ಅಸ್ಸುಂತಾ ವಾದಿಸಿದರು. ಕೊನೆಗೆ ಮೇಸ್ತ್ರಿ ಪೂರ್ವಕ್ಕೂ ಒಂದು ಸಣ್ಣ ಕಿಟಕಿ ಇಟ್ಟರು.

ಗೋಡೆ ಮುಗಿದ ಮೇಲೆ ಅವರಿಗೆ ಹೆದರಿಕೆ ಶುರುವಾಯಿತು. ಅದನ್ನು ನನಗೆ ಮಾತ್ರ ಹೇಳಿದರು. ಇಂಜಿನಿಯರ್ ಬಂದು ಪರೀಕ್ಷಿಸಿ ಸಹಿ ಹಾಕುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ ಎಂದು ಬಾಗಿಲಿಗೆ ಹಗ್ಗ ಕಟ್ಟಿದರು. ದಿನವೂ ಹೋಗಿ ಗೋಡೆ ತಟ್ಟಿ ಕಿವಿಗೊಟ್ಟು ಬರುತ್ತಿದ್ದರು. ಇಂಜಿನಿಯರ್ ಬಂದು ಸರಿಯಿದೆ ಎಂದರೂ ಹಗ್ಗ ಬಿಚ್ಚಲಿಲ್ಲ. ಇನ್ನೊಬ್ಬ ಇಂಜಿನಿಯರ್ ಬರಲಿ ಎಂದರು.

ಮೊನ್ನೆ ಗುರುವಾರ ಅಸರಾದ ಮೇಲೆ ನಾನು ಬತ್ಹಾದ ಪೇಟೆಯಲ್ಲಿದ್ದೆ. ಜೊಹರಾ ಬರೆದುಕೊಟ್ಟ ಒಣಮೀನು, ಕುಚ್ಚಲಕ್ಕಿ ಕೊಳ್ಳಲು. ಬಸ್ಸುಗಳ ಹಾರ್ನು, ತಳ್ಳುಗಾಡಿಯವರ ಕೂಗು, ಸಿಮ್ ಮಾರುವವರು, ಹತ್ತು ಭಾಷೆಯ ಗದ್ದಲ. ಆಗ ಮೇಸ್ತ್ರಿಯ ವಿಡಿಯೋ ಕರೆ ಬಂತು. ಈಗ ಅವರ ಹತ್ತಿರ ಒಳ್ಳೆಯ ಫೋನಿದೆ.

ಅವರ ಮುಖ ಬಿಳಿಚಿತ್ತು. ಬೆರಳನ್ನು ತುಟಿಯ ಮೇಲಿಟ್ಟು, “ಮೆಲ್ಲಗೆ” ಎಂದರು. “ನಾನು ಊಟ ಮಾಡಿ ಬರುವಷ್ಟರಲ್ಲಿ ಅಸ್ಸುಂತಾ ಹಗ್ಗ ಬಿಚ್ಚಿ ಹತ್ತಿಬಿಟ್ಟಿದ್ದಾ‌ಳೆ.”

ಫೋನು ಮೆಲ್ಲಗೆ ತಿರುಗಿತು. ಗೋಪುರದ ಮೇಲಿನ ಮಹಡಿ. ಕಿಟಕಿಯಿಂದ ಒಂದು ಅಗಲವಾದ ಬೆಳಕಿನ ಪಟ್ಟಿ ನೆಲದ ಮೇಲೆ ಬಿದ್ದಿತ್ತು. ಅದರ ಆಚೆ, ಹೊಸ ಸುಣ್ಣದ ಗೋಡೆಗೆ ಪೂರ್ತಿ ಬೆನ್ನು ಕೊಟ್ಟು, ಕಾಲು ಚಾಚಿ, ಚಪ್ಪಲಿ ಪಕ್ಕದಲ್ಲಿಟ್ಟು ಅಸ್ಸುಂತಾ ಕುಳಿತಿದ್ದರು. ತಲೆ ಒಂದು ಬದಿಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣ ಗೊರಕೆ.

“ಅರ್ಧ ಗಂಟೆಯಾಯಿತು” ಎಂದರು ಮೇಸ್ತ್ರಿ, ಉಸಿರಿನಷ್ಟೇ ಧ್ವನಿಯಲ್ಲಿ. ಅವರು ಕೊನೆಯ ಮೆಟ್ಟಿಲ ಮೇಲೆ ಕುಳಿತಿದ್ದರೆಂದು ಕಾಣುತ್ತದೆ. ಅಲ್ಲಿಂದ ಅಲುಗಾಡಲಿಲ್ಲ.

ನನ್ನ ಬೆನ್ನ ಹಿಂದೆ ಒಂದು ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು. ನಾನು ಗಡಬಡಿಸಿ ಮ್ಯೂಟ್ ಒತ್ತಿ, ಅಂಗಡಿಯೊಂದರ ಅಕ್ಕಿ ಮೂಟೆಯ ಮೇಲೆ ಕುಳಿತು, ಅಸ್ಸುಂತಾ ಏಳುವವರೆಗೆ ನೋಡುತ್ತಿದ್ದೆ.